ದಾರಿಯಲ್ಲಿ ಬಿದ್ದ ಬ್ಯಾಡ

ಇಂಗ್ಲಿಷಿನಲ್ಲಿ ‘ಮಾಡಬೇಡ’ ಅನ್ನುವುದನ್ನು ತಪ್ಪಿಲ್ಲದೆ ಹೇಳಲು ನನಗೆ ಕಲಿಸಿದ್ದು ಪುಸ್ತಕವಲ್ಲ, ಒಬ್ಬ ಮನುಷ್ಯನ ಮೇಲಿನ ಸಿಟ್ಟು. ಆ ಮನುಷ್ಯ ನನ್ನ ಮಾವ, ಗಂಡನ ತಂದೆ. ಲಿಂಗಸುಗೂರಿನಲ್ಲಿ ಇಂಗ್ಲಿಷ್ ಮಾಸ್ತರ ಅಂದರೆ ಅವರೇ ಅನ್ನುವ ಕಾಲ ಒಂದಿತ್ತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಒಳ್ಳೆಯದು ಆಡುವವರು ಊರ ತುಂಬ ಇದ್ದಾರೆ, ಅವರ ಕೈಯಲ್ಲಿ ಕಲಿತು ನೌಕರಿ ಹಿಡಿದವರು. ಅವರು ಆಡಲಿ. ನಾನು ಕಂಡದ್ದನ್ನು ನಾನು ಹೇಳುತ್ತೇನೆ.

ನನ್ನ ತವರು ಮಸ್ಕಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಹತ್ತನೆಯ ತರಗತಿವರೆಗೆ ಬಂದ ಹುಡುಗಿಯರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಎಲ್ಲ ವಿಷಯ ಪಾಸಾದೆ, ಇಂಗ್ಲಿಷ್ ಒಂದು ಉಳಿಯಿತು. ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ‘ಇಂಗ್ಲಿಷ್ ಉಳದೈತಿ’ ಅಂದರೆ ‘ನೆಗಡಿ ಬಂದೈತಿ’ ಅಂದ ಹಾಗೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ನನಗೆ ಟೀಚರ್ ಟ್ರೇನಿಂಗಿಗೆ ಹೋಗುವುದಿತ್ತು, ಇಂಗ್ಲಿಷ್ ಪಾಸಾಗದೆ ಅಲ್ಲಿ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಬೇರೆ ದೊಡ್ಡ ಆಸೆ ನನಗಿರಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಮಕ್ಕಳ ಮುಂದೆ ನಿಲ್ಲಬೇಕು, ನಿಂತು ಗಟ್ಟಿಯಾಗಿ ಮಾತಾಡಬೇಕು, ಅಷ್ಟೆ.

ಕನ್ಯೆ ನೋಡಲು ಬಂದ ದಿನ ಅಪ್ಪ ಈ ವಿಷಯ ಮುಚ್ಚಿಡಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, "ಹುಡುಗಿಗೆ ಇಂಗ್ಲಿಷ್ ಒಂದು ಉಳದೈತ್ರಿ. ಅದೊಂದು ಕಟ್ಟಿ ಪಾಸಾದ್ರ ಟ್ರೇನಿಂಗಿಗೆ ಹೋಗೂ ಆಸೆ ಐತ್ರಿ ಆಕಿಗೆ" ಅಂದರು. ಮಾಸ್ತರು ಗಟ್ಟಿಯಾಗಿ ನಕ್ಕರು. "ಬೀಗರ, ಇಂಗ್ಲಿಷ್ ಏನ್ ದೊಡ್ಡದ್ರಿ? ನಮ್ಮ ಮನ್ಯಾಗ ಬೆಕ್ಕು ಸೈತ ಇಂಗ್ಲಿಷಿನ್ಯಾಗ ಮಿಯಾಂವ್ ಅಂತೈತಿ. ಕಳಸ್ರಿ, ಪಾಸ್ ಮಾಡ್ಸೂದು ನನ್ನ ಜವಾಬ್ದಾರಿ." ಅಪ್ಪನ ಮುಖ ಅರಳಿತು. ಒಳಗೆ ಬಾಗಿಲ ಮರೆಯಲ್ಲಿದ್ದ ನನ್ನದೂ ಅರಳಿತು ಅಂತ ಕಾಣುತ್ತದೆ. ಆ ಮಾತನ್ನು ಮಾವ ಮತ್ತೆ ಎಂದೂ ಎತ್ತಲಿಲ್ಲ.

ಮದುವೆಯಾಗಿ ಲಿಂಗಸುಗೂರಿಗೆ ಬಂದ ಮೇಲೆ ತಿಳಿಯಿತು, ಆ ಮನೆಯಲ್ಲಿ ಮಾವ ಸೊಸೆಯ ಜೊತೆ ಮಾತಾಡುವುದಿಲ್ಲ. ಇದು ಜಗಳವಲ್ಲ, ರಿವಾಜು. ನಮ್ಮ ತವರಿನಲ್ಲೂ ಹಿರಿಯರ ಮುಂದೆ ಸೆರಗು ಹೊದೆಯುತ್ತಿದ್ದರು, ಎದುರಿಗೆ ಕೂರುತ್ತಿರಲಿಲ್ಲ. ಆದರೂ ನೀರಡಿಕೆಯಾದರೆ ‘ನೀರು ಕೊಡವಾ’ ಅನ್ನುವಷ್ಟು ಮಾತಿತ್ತು. ಇಲ್ಲಿ ಅದೂ ಇಲ್ಲ. ಮಾವನ ಮಾತು ನನಗೆ ಮುಟ್ಟಬೇಕಾದರೆ ಅತ್ತೆಯ ಬಾಯಿಂದಲೇ ಮುಟ್ಟಬೇಕು. ನಾನು ಮಾರು ದೂರದಲ್ಲಿ ಕಸ ಹೊಡೆಯುತ್ತಿದ್ದರೂ ಅವರು ಅಡಿಗೆಮನೆ ಕಡೆ ಮುಖ ಮಾಡಿ, "ಏ, ಆಕಿಗೆ ಹೇಳು, ಧೂಳು ಎಬ್ಬಿಸಬ್ಯಾಡ ಅಂತ" ಅನ್ನುವರು. ಹೆಂಡತಿಯನ್ನು ಕರೆಯಲು ಅವರಿಗೆ ಇದ್ದದ್ದು ಅದೊಂದೇ ಹೆಸರು, ‘ಏ’. ಅತ್ತೆ ಕೈ ಒರೆಸುತ್ತ ಹೊರಗೆ ಬಂದು ನನ್ನ ಮುಖ ನೋಡಿ, "ಧೂಳು ಎಬ್ಬಿಸಬ್ಯಾಡಂತ" ಅನ್ನುವರು. ಆಮೇಲೆ ನಾನು ಪೊರಕೆ ಮೆಲ್ಲಗೆ ಆಡಿಸಬೇಕು. ಅತ್ತೆ ಬರುವ ಮೊದಲೇ ಮೆಲ್ಲಗೆ ಮಾಡಿದರೆ ಅದೂ ತಪ್ಪು. ಮಾವ ಆಡಿದ್ದಕ್ಕೆ ನೇರ ಕಿವಿಗೊಟ್ಟವಳು ನಾಚಿಕೆಗೆಟ್ಟ ಸೊಸೆ. ಅತ್ತೆ ತಂದು ಮುಟ್ಟಿಸದ ಮಾತು ಆಡದ ಮಾತಿಗೆ ಸಮ. ಈ ಕಾನೂನು ಮಾಡಿದವರು ಮಾವನೇ.

ಮುಟ್ಟುತ್ತಿದ್ದವೆಲ್ಲ ಬ್ಯಾಡಗಳೇ. ಜೋರಾಗಿ ನಗಬ್ಯಾಡ. ಬಾಗಿಲಾಗ ನಿಲ್ಲಬ್ಯಾಡ. ನೀರಿಗೆ ಹೋದಾಕಿ ಅಲ್ಲೇ ಕೂಡಬ್ಯಾಡ. ಪೇಪರ್ ಮುಟ್ಟಬ್ಯಾಡ, ಮಡಿಕೆ ಕೆಡತೈತಿ. ‘ಮಾಡು’ ಅನ್ನುವ ಮಾತು ಅವರಿಗೆ ಬೇಕಾಗುತ್ತಲೇ ಇರಲಿಲ್ಲ, ಮಾಡುವುದು ಹೇಗಿದ್ದರೂ ನನ್ನ ಪಾಲಿಗೆ ಬಂದಿತ್ತು.

ಗಂಡ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಕ್ಕಿದ್ದರು. ಅಲ್ಲೇ ಗೆಳೆಯರ ಜೊತೆ ಕಂಪನಿ ಕೋಣೆಯಲ್ಲಿ ವಾಸ. ವಾರದ ರಜೆಗೆ ಬಂದರೆ ಉಂಡು ಮಲಗಿ ಏಳುವುದರೊಳಗೆ ಮತ್ತೆ ಬಸ್ಸಿನ ಹೊತ್ತು. "ಪರೀಕ್ಷಾದ ಬಗ್ಗೆ ಮಾವಗ ನೀವರ ಒಂದು ಮಾತು ಹೇಳ್ರಿ" ಅಂದರೆ, "ನೆಲದಾಗ ಇಳಿಯಾಕ ಹೆದರಿಕಿಲ್ಲ ನನಗ, ಅಪ್ಪನ ಮುಂದ ನಿಲ್ಲಾಕ ಹೆದರಿಕಿ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ನಗಬ್ಯಾಡ ಅನ್ನುವ ಹುಕುಂ ಪಾಲಿಸಲು ಆ ಮನೆಯಲ್ಲಿ ನನಗೆ ಕಷ್ಟವೇ ಆಗಲಿಲ್ಲ.

ಬೆಳಗ್ಗೆ ಸಂಜೆ ಪಡಸಾಲೆಯಲ್ಲಿ ಮಾವನ ಟ್ಯೂಷನ್ ನಡೆಯುತ್ತಿತ್ತು. ಮೊದಲ ಕೋಣೆಯೇ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ನಡುವೆ ಒಂದು ಬಾಗಿಲು. ಚಾಪೆಯ ಮೇಲೆ ಊರಿನ ಹುಡುಗರು, ಬಾಗಿಲ ಪಕ್ಕ ಬೇರೆಯಾಗಿ ನನ್ನ ನಾದಿನಿ. ಅವಳೂ ಆಗ ಹತ್ತನೆಯ ತರಗತಿ. ಬಾಗಿಲ ಈಚೆಗೆ ನಾನು, ಮೊರದಲ್ಲಿ ಅಕ್ಕಿ ಹಾಕಿಕೊಂಡು. ಅಕ್ಕಿಯಲ್ಲಿ ಕಲ್ಲು ಮುಗಿದ ಮೇಲೂ ಆರಿಸುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಕಟ್ಟಿದವರು ಇಂಥದೇ ಒಂದು ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಕೂತಿದ್ದಿರಬೇಕು.

ಹೊಟ್ಟೆಯುರಿಯ ಮಾತು ಏನೆಂದರೆ, ಅವರು ಚೆನ್ನಾಗಿ ಕಲಿಸುತ್ತಿದ್ದರು. ನಿಜಾಮನ ಕಾಲದಲ್ಲಿ ಉರ್ದು ಸಾಲೆಯಲ್ಲಿ ಓದಿ, ಆಮೇಲೆ ಇಂಗ್ಲಿಷ್ ಹಿಡಿದ ಮನುಷ್ಯ. ಎಲ್ಲಿ ನಾಲಿಗೆ ತೊಡರುತ್ತದೆ ಅನ್ನುವುದು ಅವರಿಗೆ ತಮ್ಮ ನಾಲಿಗೆಯಿಂದಲೇ ಗೊತ್ತಿತ್ತು. ರೂಲುಕೋಲನ್ನು ನೆಲಕ್ಕೆ ಬಡಿದು ಹೇಳುವರು, "ನಮ್ಮ ಬ್ಯಾಡ ಬಾಲಕ್ಕ ಇರ್ತೈತಿ. ಹೋಗಬ್ಯಾಡ. ಅವರದು ತಲಿಮ್ಯಾಲೆ ಕೂಡ್ರತೈತಿ. ಡೋಂಟ್ ಗೋ. ನಡುವ ಟು ತುರುಕಿ ಡೋಂಟ್ ಟು ಗೋ ಅಂದ್ರ ಒದಿ ತಿಂತಿ." ಒಬ್ಬ ಎದ್ದು ‘ಹೀ ಟೋಲ್ಡ್ ಮಿ ಡೋಂಟ್ ಗೋ’ ಅನ್ನುವನು, ಎಲ್ಲರೂ ಹಾಗೇ ಅನ್ನುವರು. ಮಾವ ಅವನ ಕಿವಿ ಹಿಡಿಯುವರು. "ಅದು ಕನ್ನಡದ ಕತ್ತಿ ಚಾಕ್ರಿ, ಅಗಸರ ಕತ್ತಿ ಗಂಟು ಹೊತ್ತಂಗ. ಕನ್ನಡದಾಗ ಇನ್ನೊಬ್ಬನ ಮಾತನ್ನ ಗಂಟು ಬಿಚ್ಚಲಾರದ ಹಂಗ ಹೊತ್ಕೊಂಡು ಬರ್ತೀವಿ, ಮ್ಯಾಲೊಂದು ‘ಅಂತ’ ಕಟ್ತೀವಿ. ಹೋಗಬ್ಯಾಡ ಅಂತ ಹೇಳಿದ. ಇಂಗ್ಲಿಷಿನ್ಯಾಗ ಗಂಟು ಬಿಚ್ಚಿ ಮತ್ತ ಕಟ್ಟಬೇಕಲೇ. ಎದುರಿಗೆ ನಿಂತಾವಗ ಡೋಂಟ್. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಬೇಕಾದ್ರ ನಾಟ್ ಟು. ಹೀ ಟೋಲ್ಡ್ ಮಿ ನಾಟ್ ಟು ಗೋ. ನಾಟ್ ಮುಂದ, ಟು ಹಿಂದ. ಹಿಂದು ಮುಂದು ಮಾಡಿದ್ರ ಖಬರ್ದಾರ್!"

ಮಸ್ಕಿಯಲ್ಲಿ ವರ್ಷಗಟ್ಟಲೆ ಕೂತರೂ ತಲೆಗೆ ಹತ್ತದೇ ಇದ್ದದ್ದು ಈ ಬಾಗಿಲ ಹಿಂದೆ ಹತ್ತಿಬಿಟ್ಟಿತು. ಹತ್ತದೆ ಏನು ಮಾಡೀತು, ಅಭ್ಯಾಸಕ್ಕೆ ಉದಾಹರಣೆಗಳು ದಿನವಿಡೀ ನನ್ನ ತಲೆಯ ಮೇಲೇ ಬೀಳುತ್ತಿದ್ದವು. ಮಾವ ‘ಧೂಳು ಎಬ್ಬಿಸಬ್ಯಾಡ ಅಂತ ಹೇಳು’ ಅಂದ ಕೂಡಲೇ ನಾನು ಒಳಗೊಳಗೇ ಇಂಗ್ಲಿಷ್ ಮಾಡುತ್ತಿದ್ದೆ, ಹಲ್ಲು ಕಡಿಯುತ್ತ. ಹೀ ಟೋಲ್ಡ್ ಹಿಸ್ ವೈಫ್ ಟು ಟೆಲ್ ಮಿ ನಾಟ್ ಟು ರೇಸ್ ಡಸ್ಟ್. ಹೀ ಟೋಲ್ಡ್ ಹಿಸ್ ವೈಫ್ ಟು ಟೆಲ್ ಮಿ ನಾಟ್ ಟು ಲಾಫ್. ಬಯ್ಯುವುದಕ್ಕೆ ನನ್ನ ಹತ್ತಿರ ಬೇರೆ ಮಾತಿರಲಿಲ್ಲ, ಇದೇ ಬೈಗುಳ.

ಒಂದು ಸಂಜೆ ಮಾವ ನಾದಿನಿಯನ್ನು ಎಬ್ಬಿಸಿದರು. ಕ್ಯಾಪ್ಟನ್ ಸಿಪಾಯಿಗಳಿಗೆ ‘ಡೋಂಟ್ ಫೈರ್’ ಅಂದ, ಇದನ್ನು ವರದಿ ಮಾಡಿ ಹೇಳು. ಅವಳು ಬಾಯಿ ತೆರೆದು ನಿಂತಳು. ನಾನು ಬಾಗಿಲ ಸಂದಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ. ಅವಳು ಕೇಳಿದ್ದನ್ನು ಕೇಳಿದ ಹಾಗೆ ಗಟ್ಟಿಯಾಗಿ ಒಪ್ಪಿಸಿದಳು, "ದಿ ಕ್ಯಾಪ್ಟನ್ ಟೋಲ್ಡ್ ಹಿಸ್ ವೈಫ್ ಟು ಟೆಲ್ ದಿ ಸೋಲ್ಜರ್ಸ್ ನಾಟ್ ಟು ಫೈರ್."

ಚಾಪೆ ಮೇಲಿನ ಹುಡುಗರು ಹೊಟ್ಟೆ ಹಿಡಿದು ಬಿದ್ದರು. "ಯುದ್ಧಕ್ಕ ಹೆಂಡ್ತಿನ್ನ ಕರ್ಕೊಂಡು ಹೋಗ್ಯಾನಲೇ ಕ್ಯಾಪ್ಟನ್!" ಅಂದ ಒಬ್ಬ. ನಾನು ಮೊರ ಎಳೆದುಕೊಂಡು ಬಾಗಿಲಿನಿಂದ ಹಿಂದೆ ಸರಿದೆ. ಬೇಕೆಂದು ಹೇಳಿದ್ದಲ್ಲ ಅದು. ಹುಕುಂ ಅಂದರೆ ನಡುವೆ ಒಬ್ಬ ಹೆಂಡತಿ ಇರಲೇಬೇಕು ಅನ್ನುವುದು ಅಷ್ಟು ದಿನಗಳಲ್ಲಿ ನನ್ನ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಣಕಿಸಿ ಹೇಳಿದ್ದರೆ ಅದರ ಖುಷಿಯಾದರೂ ನನಗೆ ಸಿಗುತ್ತಿತ್ತು.

ಮಾವ ನಗಲಿಲ್ಲ. ಆ ನಾಟ್ ಟು ಅಷ್ಟು ಸರಿಯಾಗಿ ತಮ್ಮ ಮಗಳ ಬಾಯಿಂದ ಬಂದದ್ದಲ್ಲ, ಆ ಹೆಂಡತಿ ಯಾವ ಪುಸ್ತಕದಿಂದಲೂ ಬಂದವಳಲ್ಲ ಅನ್ನುವುದು ಅವರಿಗೆ ತಿಳಿಯಿತು. ಒಬ್ಬ ಮಾಸ್ತರನಿಗೆ, ಬಾಗಿಲ ಹಿಂದೆ ಒಬ್ಬಳು ಕಲಿಯುತ್ತಿದ್ದಾಳೆ ಅಂದರೆ ಸಂತೋಷ ಆಗಬೇಕಲ್ಲವೆ? ಅವರು ರೂಲುಕೋಲು ಕೆಳಗಿಟ್ಟು, ಒಳಗಿನ ಕಡೆ ತಿರುಗಿ, "ಏ, ಆಕಿಗೆ ಹೇಳು, ಬಾಗಲ ಹಿಂದ ಕೂಡಬ್ಯಾಡ ಅಂತ" ಅಂದರು. ಮರುದಿನದಿಂದ ಟ್ಯೂಷನ್ ಹೊತ್ತಿಗೆ ಆ ಬಾಗಿಲಿಗೆ ಪಡಸಾಲೆ ಕಡೆಯಿಂದ ಚಿಲಕ ಬಿತ್ತು. ಅವತ್ತು ಹುಟ್ಟಿದ ದ್ವೇಷ ಇವತ್ತಿಗೂ ನನ್ನಲ್ಲಿ ಹಾಗೇ ಇದೆ, ಅದನ್ನು ಸಣ್ಣದು ಮಾಡಿ ಹೇಳುವ ಮನಸ್ಸು ನನಗಿಲ್ಲ.

ಆಮೇಲೆ ನಾದಿನಿ ರೊಟ್ಟಿ ಬಡಿಯುವ ಹೊತ್ತಿಗೆ ಬಂದು, ತನಗೆ ತಿಳಿದಷ್ಟು ಹೇಳಿ ಹೋಗುತ್ತಿದ್ದಳು. ಅವಳಿಗೆ ತಿಳಿದದ್ದು ಸ್ವಲ್ಪ, ಅದರಲ್ಲಿ ಸರಿಯಾದದ್ದು ಇನ್ನೂ ಸ್ವಲ್ಪ. ಉಳಿದದ್ದನ್ನು ನಾನು ಮಾವನ ಬ್ಯಾಡಗಳಿಂದಲೇ ಕಲಿತೆ.

ಫೇಲಾದವರಿಗೆಂದೇ ಅಕ್ಟೋಬರಿನಲ್ಲಿ ನಡೆಯುವ ಪರೀಕ್ಷೆಗೆ ಅಪ್ಪ ಮಸ್ಕಿಯಲ್ಲೇ ನನ್ನ ಹೆಸರಿನಲ್ಲಿ ಫೀ ಕಟ್ಟಿದ್ದರು. ಹಾಲ್ ಟಿಕೆಟ್ ತೆಗೆದುಕೊಂಡು ಲಿಂಗಸುಗೂರಿಗೆ ಬಂದರು. ಪರೀಕ್ಷೆಯ ಕೇಂದ್ರ ಸಿಂಧನೂರು. ಮಾವ ಬೀಗರಿಗೆ ಬಾಳೆಹಣ್ಣು ಸುಲಿದು ಕೊಡುತ್ತ, "ಆತು ಬಿಡ್ರಿ, ನೋಡೋಣು" ಅಂದರು. ಅಪ್ಪನ ಬಸ್ಸು ಹೋಗಿದೆಯೋ ಇಲ್ಲವೋ, ಪಡಸಾಲೆಯಿಂದ ಅವರ ದನಿ ಬಂತು. ವರ್ಷಾನುಗಟ್ಟಲೆ ಕೊನೆಯ ಬೆಂಚಿಗೆ ಮುಟ್ಟಿಸಿ ಅಭ್ಯಾಸವಾದ ದನಿ. ಅಡಿಗೆಮನೆಯಲ್ಲಿ ಒಂದಕ್ಷರವೂ ಸೋರದೆ ಕೇಳಿತು.

"ಏ, ಆಕಿಗೆ ಹೇಳು, ಪರೀಕ್ಷಾಕ್ಕ ಹೋಗಬ್ಯಾಡ ಅಂತ. ಮಾಸ್ತರ ಸೊಸಿ ಮತ್ತ ಇಂಗ್ಲಿಷಿನ್ಯಾಗ ಫೇಲಾದ್ಲು ಅಂದ್ರ ನಾಳೆ ಯಾವ ಹುಡುಗ ನನ್ನ ಮುಂದ ಬಂದು ಕೂಡ್ರತಾನ? ಪಾಸಾದ್ಲು ಅಂದ್ರ ಮನ್ಯಾಗ ಯಾರು ಕೂಡ್ರತಾರ?"

ನೋಡಿ, ಎರಡೂ ಕಡೆಯಿಂದ ಕಟ್ಟಿದ್ದರು. ಫೇಲಾದರೂ ಹೋಗಬಾರದು, ಪಾಸಾದರೂ ಹೋಗಬಾರದು. ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಒಣಗಿತು.

ಅತ್ತೆ ಆಗ ಪಡಸಾಲೆಯ ಬಾಗಿಲಲ್ಲೇ ಇದ್ದರು. ಒಳಗೆ ಬಂದರು, ಒಲೆಯ ಮುಂದೆ ಕೂತರು, ಕಟ್ಟಿಗೆ ಒಳಗೆ ದೂಡಿದರು. ನನ್ನ ಕಡೆ ನೋಡಲಿಲ್ಲ. "ಹೋಗು ಅಂದಾರ" ಅಂದರು.

ನನಗೆ ನನ್ನ ಕಿವಿಯ ಮೇಲೆ ಅನುಮಾನ ಬಂತು. "ಅತ್ತೀ, ಅವರು ಅಂದದ್ದು..."

"ಅವರು ಅಂದದ್ದು ನಿನಗ ಕೇಳಿಸ್ತೇನು?"

ಕೇಳಿಸಿತು ಅಂದರೆ ನಾಚಿಕೆಗೆಟ್ಟವಳು. "ಇಲ್ರಿ" ಅಂದೆ.

"ಹಂಗಾರ ನಾ ಹೇಳಿದ್ದ ಖರೆ." ಸ್ವಲ್ಪ ಹೊತ್ತು ಒಲೆ ಊದಿದರು. ಹೊಗೆಗೋ ಯಾಕೋ ಕಣ್ಣು ಒರೆಸಿಕೊಂಡರು. "ಈ ಮನಿಗೆ ಬಂದಾಗಿಂದ ಹೊರಾಕತ್ತೀನಿ. ಮೊದಲು ನಮ್ಮ ಮಾವಂದು ನಮ್ಮತ್ತಿ ನನಗ ಹೊತ್ತು ತರತಿದ್ರು, ಈಗ ಇವರದು ನಿನಗ ನಾ ಹೊರತೀನಿ. ಬ್ಯಾಡ ಹೊತ್ತು ಹೊತ್ತು ನಾಲಿಗಿ ಸವದೈತಿ. ಒಂದು ದಾರ್ಯಾಗ ಬಿತ್ತು. ಬಿದ್ರ ಬೀಳಲಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದೇವರು ಕೊಡದ ವರವನ್ನು ಪೂಜಾರಿ ಕೊಟ್ಟುಬಿಟ್ಟಳು. ನನ್ನ ಮೇಲಿನ ಪ್ರೀತಿಯಿಂದ ಅತ್ತೆ ಹೀಗೆ ಮಾಡಿದರು ಅಂದುಕೊಳ್ಳಬೇಡಿ. ಅದೇ ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ತವರಿನವರನ್ನೆಲ್ಲ ಎತ್ತಿ ಆಡಿದರು. ಅವರಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ, ಗಂಡನ ಮೇಲೆ ಸಿಟ್ಟಿತ್ತು. ಅದು ನನ್ನ ಸಿಟ್ಟಿಗಿಂತ ಹಳೆಯದು, ಅದಕ್ಕೇ ಅಷ್ಟು ತಣ್ಣಗಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಪಡಸಾಲೆಯಲ್ಲಿ ಟ್ಯೂಷನ್ ನಡೆದಿತ್ತು. ಹೊರಗೆ ಹೋಗಲು ಬೇರೆ ದಾರಿ ಇಲ್ಲ. ಅತ್ತೆ ಒಳಗಿನಿಂದ ಬಾಗಿಲು ಬಡಿದರು, ನಾದಿನಿ ಚಿಲಕ ತೆಗೆದಳು. ನಾನು ತಲೆ ತುಂಬ ಸೆರಗು ಹೊದ್ದು, ಹಿರಿಯರ ಮುಂದೆ ಮೆಟ್ಟಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆ ಸವರಿಕೊಂಡು ಹೊರಟೆ. ಹುಡುಗರೆಲ್ಲ ತಲೆ ಎತ್ತಿ ನೋಡಿದರು. ಮಾವನ ರೂಲುಕೋಲು ಮೇಲೆ ಹೋದದ್ದು ಹಾಗೇ ನಿಂತಿತು.

"ಏ! ಆಕಿ ಎಲ್ಲಿಗೆ ಹೊಂಟಾಳ?"

ಅಡಿಗೆಮನೆಯಿಂದ ಅತ್ತೆ ಊರಿಗೆಲ್ಲ ಕೇಳುವ ಹಾಗೆ ಅಂದರು, "ಪರೀಕ್ಷಾಕ್ಕ ಹೊಂಟಾಳ್ರಿ. ಮೊನ್ನಿ ನೀವ ಹೇಳಿದ್ರಲ್ಲ, ಹೋಗಂತ."

ಶಿಷ್ಯರ ಮುಂದೆ ಏನು ಹೇಳುತ್ತಾರೆ? ಹೋಗಬೇಡ ಅಂದಿದ್ದೆ ಅನ್ನಲೇ? ಸೊಸೆಯ ಓದಿಗೆ ಕಲ್ಲು ಹಾಕಿದ ಇಂಗ್ಲಿಷ್ ಮಾಸ್ತರ ಅನ್ನಿಸಿಕೊಳ್ಳಲೇ? ನನ್ನನ್ನೇ ನಿಲ್ಲಿಸಿ ಕೇಳಲೇ? ಸೊಸೆಯನ್ನು ಮಾತಾಡಿಸಿದಂತಾಗುತ್ತದೆ. ನಾನು ಹೊಸ್ತಿಲು ದಾಟಿದೆ. ಹಿಂದಿನಿಂದ ಅವರ ದನಿ ಬಂತು, ಸ್ವಲ್ಪ ಒಡೆದ ದನಿ. "ಏ, ತಿರುಗಿ ಕರಿ ಆಕಿನ್ನ."

"ಬಂದೆ ತಡೀರಿ, ಕೈ ಹಿಟ್ಟಾಗ್ಯಾವ" ಅಂದರು ಅತ್ತೆ.

ಅವರು ಕೈ ತೊಳೆದು, ಒರೆಸಿಕೊಂಡು, ಸೆರಗು ಸರಿ ಮಾಡಿಕೊಂಡು ಹೊರಗೆ ಬಂದು, ಬಸ್ ಸ್ಟ್ಯಾಂಡಿಗೆ ಉಲ್ಟಾ ಇರುವ ಓಣಿಯ ಕಡೆ ಮುಖ ಮಾಡಿ ಮೆಲ್ಲಗೆ ಒಂದು ಸಾರಿ ಕೂಗಿದರಂತೆ. ಆಮೇಲೆ ನಾದಿನಿ ಇದನ್ನು ಮಾಡಿ ತೋರಿಸಿದಾಗ ನಾನು ಆ ಮನೆಯಲ್ಲಿ ಮೊದಲ ಬಾರಿ ಗಟ್ಟಿಯಾಗಿ ನಕ್ಕೆ. ಅತ್ತೆ ಕೂಗುವ ಹೊತ್ತಿಗೆ ನಾನು ಓಣಿ ತಿರುಗಿ ಚಪ್ಪಲಿ ಮೆಟ್ಟಿ ಓಡುತ್ತಿದ್ದೆ.

ಮಸ್ಕಿಯಲ್ಲಿ ಅಪ್ಪ ಬುತ್ತಿ ಹಿಡಿದು ಅದೇ ಬಸ್ಸು ಹತ್ತಿದರು. ಸಿಂಧನೂರು ಬರುವುದರೊಳಗೆ ಬುತ್ತಿ ಬಿಚ್ಚಿ ನನಗೆ ಉಣ್ಣಿಸಿದರು. ಪರೀಕ್ಷೆಯ ಕೋಣೆಯ ಕಿಟಕಿಯಾಚೆ ರೈಸ್ ಮಿಲ್ಲಿನ ಸದ್ದು. ಪ್ರಶ್ನೆಪತ್ರಿಕೆಯಲ್ಲಿ ಅದು ಬಂದೇ ಇತ್ತು: ಡಾಕ್ಟರು ರೋಗಿಗೆ ‘ಡೋಂಟ್ ಸ್ಮೋಕ್’ ಅಂದರು, ವರದಿ ಮಾಡಿ ಬರೆಯಿರಿ. ನನ್ನ ಕೈ ತಾನಾಗಿಯೇ ‘ದಿ ಡಾಕ್ಟರ್ ಟೋಲ್ಡ್ ಹಿಸ್ ವೈಫ್’ ಎಂದು ಬರೆದುಬಿಟ್ಟಿತ್ತು. ಪೆನ್ನು ಎತ್ತಿ ನೋಡಿದೆ. ನನ್ನನ್ನು ಅಲ್ಲಿವರೆಗೆ ಕಳಿಸಿದವಳು ಆ ನಡುವಿನ ಹೆಂಡತಿಯೇ. ಆದರೂ ಅವಳನ್ನು ಒಂದು ಗೆರೆ ಎಳೆದು ತೆಗೆದು ಹಾಕಿದೆ. ದಿ ಡಾಕ್ಟರ್ ಟೋಲ್ಡ್ ದಿ ಪೇಷಂಟ್ ನಾಟ್ ಟು ಸ್ಮೋಕ್. ಲೋಕದಲ್ಲಿ ಹೀಗೂ ಇರಬಹುದು, ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ನೇರವಾಗಿ ಹೇಳಬಹುದು ಅನ್ನಿಸಿ ಬಹಳ ಹೊತ್ತು ಆ ವಾಕ್ಯವನ್ನೇ ನೋಡಿದೆ.

ಪಾಸಾದೆ. ಹೆಚ್ಚೇನಲ್ಲ, ದಂಡೆ ಮುಟ್ಟುವಷ್ಟು. ಫಲಿತಾಂಶ ಬಂದ ದಿನ ಮಾವ ಪೇಢೆ ತಂದು ಓಣಿಗೆಲ್ಲ ಹಂಚಿದರು! "ನಮ್ಮ ಮನ್ಯಾಗ ಕಲತಾಕಿ ಫೇಲ್ ಆಕ್ಕಾಳೇನ್ರಿ?" ಎಂದು ಕಟ್ಟೆಯ ಮೇಲೆ ನಿಂತು ಹೇಳಿದರು. ಚಿಲಕ ಹಾಕಿದ ಕೈಯಿಂದಲೇ ಪೇಢೆ. ನನ್ನ ಪಾಲಿನದನ್ನು ನಾನು ಎಮ್ಮೆಗೆ ಹಾಕಿದೆ. ಆದರೆ ಆ ಜಂಬವೇ ಅವರ ಕಾಲಿಗೆ ತೊಡರಿತು. ಅಪ್ಪ ಬಂದು ನಾಲ್ಕು ಜನರ ಮುಂದೆ ಕೈ ಮುಗಿದು, "ನೀವ ಕಲಿಸಿದ್ರಿ ಬೀಗರ, ಟ್ರೇನಿಂಗಿಗೂ ನೀವ ಕಳಸ್ರಿ" ಅಂದಾಗ ಅವರಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆ ಸಿಟ್ಟಿಗೆ ಅತ್ತೆಯ ಜೊತೆ ಮಾತು ಬಿಟ್ಟರು. ಆಮೇಲೆ ಹುಕುಮಿನ ದಾರಿ ಇನ್ನೂ ಉದ್ದವಾಯಿತು. ಮಗಳಿಗೆ, "ನಿಮ್ಮವ್ವಗ ಹೇಳು, ಆಕಿಗೆ ಹೇಳು ಅಂತ." ಅಷ್ಟು ಕೈ ದಾಟಿ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು.

ಟ್ರೇನಿಂಗ್ ಮುಗಿಸಿದ ಮೇಲೆ ನನಗೆ ನೌಕರಿ ಸಿಕ್ಕಿದ್ದು ದಢೇಸುಗೂರಿನ ಕಡೆ. ಕಾಲುವೆಯ ನೀರು, ಎಲ್ಲಿ ನೋಡಿದರೂ ಭತ್ತದ ಗದ್ದೆ, ಆಂಧ್ರದಿಂದ ಬಂದು ಗದ್ದೆ ಮಾಡಿಕೊಂಡು ನೆಲೆಸಿದವರ ಕ್ಯಾಂಪುಗಳಿಂದ ಬರುವ ತೆಲುಗು ಮಕ್ಕಳು. ಆ ಮಕ್ಕಳೂ ‘ಡೋಂಟ್ ಟು ಗೋ’ ಅಂತಲೇ ಬರೆಯುತ್ತಿದ್ದವು. ಒಂದು ದಿನ ತಿದ್ದುತ್ತ ನಿಂತವಳು, "ನಾಟ್ ಮುಂದೆ, ಟು ಹಿಂದೆ, ಖಬರ್ದಾರ್" ಅಂದುಬಿಟ್ಟೆ. ನನ್ನ ಬಾಯಲ್ಲಿ ಅವರ ಮಾತು! ಮೈಯೆಲ್ಲ ಉರಿಯಿತು. ಆದರೆ ಅದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ತೊಂಬತ್ತರ ದಶಕದ ನಡುವೆ ಲಿಂಗಸುಗೂರಿಗೆ ವರ್ಗವಾಗಿ ಮತ್ತೆ ಅದೇ ಮನೆಗೆ ಬಂದೆ. ನಾದಿನಿ ಗಂಡನ ಮನೆ ಸೇರಿದ್ದಳು, ಮಾತು ಹೊರುವವರು ಬೇರೆ ಇಲ್ಲದೆ ಮಾವ ಮತ್ತೆ ಅತ್ತೆಯನ್ನೇ ‘ಏ’ ಅನ್ನತೊಡಗಿದ್ದರು. ನಾನು ಬಂದ ಕೆಲವು ದಿನಕ್ಕೆ ಅತ್ತೆ ತೀರಿಕೊಂಡರು. ಹುಷಾರಿಲ್ಲದೆ ಮಲಗಿದ್ದಾಗಲೂ ಮಾವನ ಮಾತನ್ನು ಮಲಗಿದಲ್ಲಿಂದಲೇ ನನಗೆ ಮುಟ್ಟಿಸುತ್ತಿದ್ದರು, ಬರಬರುತ್ತ ಅರ್ಧಕ್ಕೆ ನಿಲ್ಲಿಸಿ ಕೈ ಆಡಿಸಿಬಿಡುತ್ತಿದ್ದರು. ಅವರು ಹೋದ ಮೇಲೆ ನಾನು ಅತ್ತುಬಿಟ್ಟೆ. ಅಷ್ಟು ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮಾವನ ಕಣ್ಣಿಗೆ ಪೊರೆ ಬಂದಿತ್ತು, ಟ್ಯೂಷನ್ ನಿಂತಿತ್ತು. ಹೊತ್ತು ಹೊತ್ತಿಗೆ ನಾನು ತಾಟು ಇಟ್ಟು ಹೋಗುತ್ತಿದ್ದೆ, ಅವರು ಉಣ್ಣುತ್ತಿದ್ದರು, ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ಕೂಡಿಸಿಟ್ಟುಕೊಂಡು, ಮಗ ಹಟ್ಟಿಯಿಂದ ರಜೆಗೆ ಬಂದಾಗ ಒಂದೇ ಸಲ ಬಿಚ್ಚುತ್ತಿದ್ದರು. ನನ್ನ ಗಂಡ ಹೊರಗೆ ಬಂದು ತಲೆ ಕೆರೆದುಕೊಂಡು, "ಏನೋ ಬ್ಯಾಡ ಅಂದಾನ ಅಪ್ಪ, ಮರತೆ" ಅನ್ನುವರು. ಅತ್ತೆಯ ಕಸುಬು ಅವರಿಗೆ ಒಗ್ಗಲಿಲ್ಲ.

ಆ ವರ್ಷ ಊರಿನಲ್ಲಿ ಇಂಗ್ಲಿಷ್ ಒಂದು ಉಳಿಸಿಕೊಂಡ ಹುಡುಗಿಯರನ್ನು ಕರೆದು ನಾನು ಸಂಜೆ ಪಾಠ ಶುರು ಮಾಡಿದೆ. ಎಲ್ಲಿ? ಅದೇ ಪಡಸಾಲೆಯಲ್ಲಿ. ಬೇರೆ ಜಾಗ ಇರಲಿಲ್ಲ ಅಂತ ಹೇಳಬಹುದು, ಆದರೆ ಅದು ಸುಳ್ಳು. ಅಲ್ಲೇ ಕೂಡಿಸಬೇಕು ಅಂತಲೇ ಕೂಡಿಸಿದೆ. ಮಾವನ ಕುರ್ಚಿಯನ್ನು ಒಳಗೆ ಅಡಿಗೆಮನೆಯ ಬಾಗಿಲ ಹತ್ತಿರ ಹಾಕಿಸಿದೆ. ಚಿಲಕ ಹಾಕಲಿಲ್ಲ.

ಪಾಠ ಶುರುವಾಗಿ ಸ್ವಲ್ಪ ದಿನವಾಗಿತ್ತು. ಹುಡುಗಿಯರು ಏನಕ್ಕೋ ಗೊಳ್ಳೆಂದು ನಕ್ಕರು. ಕುರ್ಚಿಯಿಂದ ಆ ದನಿ ಬಂತು. ವಯಸ್ಸಾಗಿದ್ದರೂ ಕೊನೆಯ ಬೆಂಚಿಗೆ ಮುಟ್ಟುವ ದನಿಯೇ.

"ಏ, ಆಕಿಗೆ ಹೇಳು, ಪಡಸಾಲ್ಯಾಗ ಹುಡುಗ್ಯಾರನ್ನ ಕೂಡಿಸಬ್ಯಾಡ ಅಂತ."

ಹುಡುಗಿಯರು ಬಾಯಿ ಮುಚ್ಚಿ ನನ್ನ ಮುಖ ನೋಡಿದರು. ಮಾವನ ಮುಖ ಅಡಿಗೆಮನೆಯ ಕಡೆ ಇತ್ತು. ಅಲ್ಲಿ ಒಲೆ ಆರಿತ್ತು, ಯಾರೂ ಇರಲಿಲ್ಲ. ಇಷ್ಟು ವರ್ಷ ಕಾಯುತ್ತಿದ್ದ ಹಾಗೆ ಅವರು ತಮ್ಮ ಮಾತು ಹೊತ್ತು ಹೋಗುವವಳಿಗಾಗಿ ಕಾದರು. ನನಗೆ ಅಯ್ಯೋ ಪಾಪ ಅನ್ನಿಸಲಿಲ್ಲ. ಅನ್ನಿಸಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅನ್ನಿಸಲಿಲ್ಲ. ನಾನು ಗೋಡೆಯ ಹಲಗೆಗೆ ತಿರುಗಿ ಸೀಮೆಸುಣ್ಣದಿಂದ ಇಂಗ್ಲಿಷಿನಲ್ಲಿ ಬರೆದೆ: ಮುದುಕ ಅಂದ, ‘ಡೋಂಟ್ ಲೆಟ್ ದಿ ಗರ್ಲ್ಸ್ ಸಿಟ್ ಹಿಯರ್.’

"ಇದನ್ನ ವರದಿ ಮಾಡ್ರಿ" ಅಂದೆ.

ಚುರುಕಾದವಳೊಬ್ಬಳು ಎದ್ದಳು. "ದಿ ಓಲ್ಡ್ ಮ್ಯಾನ್ ಟೋಲ್ಡ್..." ಅಂದವಳು ನಿಂತಳು. ಕುರ್ಚಿಯ ಕಡೆ ನೋಡಿದಳು, ಆಚೆ ಖಾಲಿ ಅಡಿಗೆಮನೆಯ ಕಡೆ ನೋಡಿದಳು. "ಯಾರಿಗೆ ಹೇಳ್ಯಾರ್ರಿ ಟೀಚರ್? ಟೋಲ್ಡ್ ಆದಮ್ಯಾಲೆ ಒಬ್ಬರು ಬೇಕಲ್ರಿ."

"ಯಾರಿಗೂ ಹೇಳಿಲ್ಲವ್ವ" ಅಂದೆ. ಮಾವನಿಗೆ ಕೇಳಲಿ ಅಂತಲೇ ಆ ಮನೆಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. "ಅಳಿಸು ಅದನ್ನ."

ಅವಳು ಅಳಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮಾವ ಅಡಿಗೆಮನೆಯ ಕಡೆ ಮುಖ ಮಾಡಿಯೇ, ಮೆಲ್ಲಗೆ, ಮತ್ತೊಮ್ಮೆ "ಏ" ಅಂದರು. ನಾನು ಹುಡುಗಿಯರಿಗೆ ಮುಂದಿನ ವಾಕ್ಯ ಹೇಳಿದೆ.